ಧ್ರುವದ ಕತ್ತಲಿಗೆ ನಮ್ಮದೂ ಒಂದು ಕಣ್ಣು

2025ರ ಜೂನ್ ತಿಂಗಳ ಕೊನೆಯ ವಾರ ಅಮೆರಿಕದಿಂದ ಒಂದು ಸಣ್ಣ ಪ್ರಕಟಣೆ ಹೊರಬಿತ್ತು. ಅಲ್ಲಿನ ರಕ್ಷಣಾ ಇಲಾಖೆಯ ಹವಾಮಾನ ಉಪಗ್ರಹಗಳು ಸಂಗ್ರಹಿಸುವ ಮೈಕ್ರೋವೇವ್ ಮಾಹಿತಿಯನ್ನು ಆ ತಿಂಗಳು ಮುಗಿದ ಮೇಲೆ ಹೊರಗಿನವರಿಗೆ ಕೊಡುವುದಿಲ್ಲ ಎಂಬುದು ಅದರ ಸಾರ. ನೆಟ್ಟಗೆ ಒಂದು ವಾರದ ಗಡುವೂ ಇರಲಿಲ್ಲ. ನಮ್ಮಲ್ಲಿ ಹೆಚ್ಚಿನವರ ಕಿವಿಗೆ ಅದು ಬೀಳಲೂ ಇಲ್ಲ. ಆದರೆ ಭೂಮಿಯ ಎರಡು ತುದಿಗಳ ಸಮುದ್ರದಲ್ಲಿ ಎಷ್ಟು ಮಂಜುಗಡ್ಡೆ ಕಟ್ಟಿದೆ, ಎಷ್ಟು ಕರಗಿದೆ ಎಂಬ ಲೆಕ್ಕದ ಪುಸ್ತಕ ನಿಂತಿದ್ದದ್ದು ಆ ಮಾಹಿತಿಯ ಮೇಲೆ. 1978ರ ಅಕ್ಟೋಬರಿನಲ್ಲಿ ಶುರುವಾದ ಪುಸ್ತಕ ಅದು. ಮೊದಲ ಒಂಬತ್ತು ವರ್ಷ ದಿನ ಬಿಟ್ಟು ದಿನ, ಆಮೇಲೆ ದಿನದಿನವೂ ಬರೆಯುತ್ತ ಬಂದದ್ದು.

ವಿಜ್ಞಾನಿಗಳು ಕೂಗೆಬ್ಬಿಸಿದರು. ಗಡುವು ಒಂದು ತಿಂಗಳು ಮುಂದಕ್ಕೆ ಹೋಯಿತು. ಆ ತಿಂಗಳೂ ಮುಗಿಯುವ ಹೊತ್ತಿಗೆ, ಉಪಗ್ರಹಗಳು ನಡೆಯುವಷ್ಟು ದಿನ, 2026ರ ಸೆಪ್ಟೆಂಬರ್‌ವರೆಗೆ, ಕೊಡುತ್ತೇವೆ ಎಂಬ ಮಾತು ಬಂತು. ಅಷ್ಟರಲ್ಲಿ ಕೊಲೊರಾಡೊದ ಬೌಲ್ಡರ್ ನಗರದಲ್ಲಿ ಈ ಲೆಕ್ಕ ಇಡುವ ಕೇಂದ್ರದವರು ಜಪಾನಿನ ಉಪಗ್ರಹವೊಂದರ ಕಡೆ ತಿರುಗಿದ್ದರು. ಲೆಕ್ಕ ಕಡಿಯಲಿಲ್ಲ, ನಿಜ. ಆದರೆ ಆ ಐದಾರು ವಾರಗಳಲ್ಲಿ ಒಂದು ಸಂಗತಿ ಬಯಲಿಗೆ ಬಿತ್ತು. ಮನುಷ್ಯರು ಧ್ರುವಗಳನ್ನು ನೋಡುತ್ತಿರುವುದು ಎರವಲು ಕಣ್ಣಿನಿಂದ. ಕೊಟ್ಟವರು ಯಾವತ್ತು ಬೇಕಾದರೂ ವಾಪಸು ಕೇಳಬಹುದು.

ನನ್ನ ಸಂಕಟ ಇರುವುದು ಇಲ್ಲಿ. ಊರ ಕೆರೆ ಯಾರದು ಎಂದರೆ ಎಲ್ಲರದೂ ಎನ್ನುತ್ತೇವೆ. ಹೂಳೆತ್ತುವ ದಿನ ನೋಡಿದರೆ ಏರಿಯ ಮೇಲೆ ಒಬ್ಬರೂ ಇರುವುದಿಲ್ಲ. ಧ್ರುವದ ಮಂಜುಗಡ್ಡೆಯ ಗತಿಯೂ ಅದೇ ಆಗಿದೆ.

ಅದು ಕರಗುವ ಸುದ್ದಿ ನಮಗೆ ಪರಿಚಿತ. ಅದು ಹುಟ್ಟುವ ಬಗೆ ಅಷ್ಟು ಪರಿಚಿತವಲ್ಲ. ಆದರೆ ಇಡೀ ಕತೆಯ ಜೀವ ಇರುವುದು ಹುಟ್ಟಿನಲ್ಲಿ. ತಿಂಗಳುಗಟ್ಟಲೆ ಸೂರ್ಯನೇ ಕಾಣದ ಕತ್ತಲು. ಸಮುದ್ರದ ನೀರು ಉಪ್ಪಿರುವುದರಿಂದ ಸೊನ್ನೆಯಲ್ಲಿ ಹೆಪ್ಪುಗಟ್ಟದು, ಮೈನಸ್ 1.8 ಡಿಗ್ರಿಗೆ ಇಳಿಯಬೇಕು. ಆಗ ನೀರಿನ ಮೇಲ್ಪದರದಲ್ಲಿ ಸೂಜಿಯಂಥ ಹರಳುಗಳು ತೇಲುತ್ತವೆ. ಅವು ಒತ್ತೊತ್ತಾಗಿ ಸೇರಿದಾಗ ಎಣ್ಣೆ ಚೆಲ್ಲಿದ ಹಾಗೆ ಸಮುದ್ರ ಮಂಕಾಗುತ್ತದೆ. ಅಲೆಯಿದ್ದರೆ ಹರಳಿನ ರಾಶಿ ಒಂದಕ್ಕೊಂದು ಉಜ್ಜಿ, ಅಂಚು ಮೇಲೆದ್ದ ದುಂಡು ದೋಸೆಗಳಂತೆ ಬಿಡಿಬಿಡಿಯಾಗಿ ತೇಲುತ್ತದೆ. ದೋಸೆಗಳು ಅಂಟಿಕೊಂಡು ಹಾಸಾಗುತ್ತವೆ. ಅಲ್ಲಿಂದ ಮುಂದೆ ಬೆಳವಣಿಗೆಯೆಲ್ಲ ಕೆಳಗಡೆಗೆ. ಮೇಲಿನ ಚಳಿ ಹಾಸಿನ ಮೂಲಕ ಕೆಳಗಿನ ನೀರಿಗೆ ತಾಗುತ್ತದೆ, ತಳಕ್ಕೆ ಹೊಸ ಪದರ ಸೇರುತ್ತದೆ. ಸೇರುವಾಗ ಮಂಜುಗಡ್ಡೆ ತನ್ನೊಳಗಿನ ಉಪ್ಪನ್ನು ಕಕ್ಕುತ್ತದೆ. ಹಾಗೆ ಕಕ್ಕಿದ ಉಪ್ಪುನೀರು ಭಾರವಾಗಿ ಆಳಕ್ಕೆ ಇಳಿಯುತ್ತದೆ. ಅಂಟಾರ್ಕ್ಟಿಕದ ಕರಾವಳಿಯಲ್ಲಿ ಹೀಗೆ ಇಳಿದ ತಣ್ಣನೆಯ ನೀರು ಹಿಂದೂ ಮಹಾಸಾಗರದ ತಳದವರೆಗೂ ಹರಿದು ಬರುತ್ತದೆ. ನಮ್ಮ ಸಾಗರದ ಆಳ ಉಸಿರಾಡುವುದು ಆ ದೂರದ ಚಳಿಗಾಲದ ದಯೆಯಿಂದ.

ಹಾಸು ದಪ್ಪವಾದಷ್ಟೂ ಅದು ಸಮುದ್ರಕ್ಕೆ ಹೊದಿಸಿದ ಕಂಬಳಿಯಾಗುತ್ತದೆ. ಚಳಿ ಕೆಳಗೆ ತಾಗುವುದು ಕಡಿಮೆಯಾಗಿ ಬೆಳವಣಿಗೆ ನಿಧಾನವಾಗುತ್ತದೆ. ವಿಯೆನ್ನಾದ ಭೌತವಿಜ್ಞಾನಿ ಜೋಸೆಫ್ ಸ್ಟೆಫಾನ್ 1891ರಲ್ಲಿ ಇದಕ್ಕೆ ಸೂತ್ರ ಕೊಟ್ಟರು. ದಪ್ಪ ಎರಡರಷ್ಟು ಆಗಬೇಕಾದರೆ ಚಳಿ ನಾಲ್ಕರಷ್ಟು ಬೀಳಬೇಕು. ಸ್ಟೆಫಾನ್ ಧ್ರುವಕ್ಕೆ ಹೋದವರಲ್ಲ. ಹೋಗಿ ಸಿಕ್ಕಿಬಿದ್ದು, ಹಡಗಿನ ಪಕ್ಕದಲ್ಲೇ ಮಂಜುಗಡ್ಡೆ ಅಗೆದು ಅಳೆದು ಬರೆದುಕೊಂಡ ಯಾನಿಗಳ ಅಂಕಿಗಳ ಮೇಲೆ ಆ ಸೂತ್ರ ನಿಂತಿದೆ.

ಈ ಸೂತ್ರದ ಒಳಗೇ ಒಂದು ಮೋಸದ ಬಾಗಿಲಿದೆ. ತೆಳುವಾದದ್ದು ಬೇಗ ಬೆಳೆಯುತ್ತದೆ. ಬೇಸಿಗೆಯಲ್ಲಿ ಸಮುದ್ರ ಎಷ್ಟೇ ಬರಿದಾದರೂ ಚಳಿಗಾಲ ಬಂದೊಡನೆ ಅಗಲಗಲ ಮಂಜುಗಡ್ಡೆ ಕಟ್ಟಿಕೊಳ್ಳುತ್ತದೆ, ಮೇಲಿಂದ ತೆಗೆದ ಚಿತ್ರದಲ್ಲಿ ಎಲ್ಲ ಬೆಳ್ಳಗೆ ಕಾಣುತ್ತದೆ. ಆಗ ಕೆಲವರು ಹೇಳುತ್ತಾರೆ: ನೋಡಿ, ಮತ್ತೆ ಕಟ್ಟಿಕೊಂಡಿತಲ್ಲ, ಇಷ್ಟು ದಿನ ಸುಮ್ಮನೆ ಹೆದರಿಸಿದಿರಿ. ಹೂಳು ತುಂಬಿದ ಕೆರೆ ಮೊದಲ ಮಳೆಗೇ ಕೋಡಿ ಬೀಳುತ್ತದೆ. ದಾರಿಹೋಕರು ಕೆರೆ ತುಂಬಿತು ಎಂದು ಸಂತೋಷಪಡುತ್ತಾರೆ. ಬೇಸಿಗೆಯಲ್ಲಿ ಗದ್ದೆಗೆ ನೀರು ಬಿಡಬೇಕಾದ ನೀರುಗಂಟಿಗೆ ಮಾತ್ರ ಗೊತ್ತು, ಅಗಲ ಇದೆ, ಆಳ ಇಲ್ಲ ಎಂದು.

ಧ್ರುವದ ಮಂಜುಗಡ್ಡೆಯ ಆಳ ಎಷ್ಟು ಹೋಗಿದೆ? 1958ರಲ್ಲಿ ಅಮೆರಿಕದ ಅಣುಶಕ್ತಿಯ ಜಲಾಂತರ್ಗಾಮಿ ನಾಟಿಲಸ್ ಮಂಜುಗಡ್ಡೆಯ ಅಡಿಯಲ್ಲೇ ಸಾಗಿ ಉತ್ತರ ಧ್ರುವ ಮುಟ್ಟಿತು. ಅಂದಿನಿಂದ ಜಲಾಂತರ್ಗಾಮಿಗಳು ಶಬ್ದದ ತರಂಗಗಳನ್ನು ಮೇಲಕ್ಕೆ ಬಿಟ್ಟು, ತಲೆಯ ಮೇಲಿನ ಗಡ್ಡೆ ಎಷ್ಟು ದಪ್ಪ ಎಂದು ಅಳೆಯುತ್ತಿದ್ದವು. ಎಲ್ಲಿ ಮೇಲೇಳಬಹುದು, ಎಲ್ಲಿಂದ ಕ್ಷಿಪಣಿ ಹಾರಿಸಬಹುದು ಎಂದು ತಿಳಿಯಲು. ಯುದ್ಧಕ್ಕಾಗಿ ಮಾಡಿದ ಆ ಅಳತೆ ದಶಕಗಳ ಕಾಲ ಗುಟ್ಟಾಗಿತ್ತು. 1990ರ ದಶಕದಲ್ಲಿ ಒಂದಷ್ಟು ಹೊರಬಂತು. ಅದನ್ನೂ ಉಪಗ್ರಹದ ಲೇಸರ್ ಅಳತೆಯನ್ನೂ ಜೋಡಿಸಿ 2009ರಲ್ಲಿ ವಿಜ್ಞಾನಿಗಳಾದ ರಾನ್ ಕ್ವಾಕ್ ಮತ್ತು ಡ್ರೂ ರಾಥ್‌ರಾಕ್ ಲೆಕ್ಕ ಹಾಕಿದರು. ಜಲಾಂತರ್ಗಾಮಿಗಳು ಓಡಾಡಿದ ಆರ್ಕ್ಟಿಕ್ ಭಾಗದಲ್ಲಿ 1980ರ ಚಳಿಗಾಲದ ಸರಾಸರಿ ದಪ್ಪ 3.64 ಮೀಟರ್ ಇದ್ದದ್ದು 2008ರ ಚಳಿಗಾಲಕ್ಕೆ 1.89 ಮೀಟರ್ ಆಗಿತ್ತು. ಹೆಚ್ಚುಕಡಿಮೆ ಅರ್ಧ. ಇಪ್ಪತ್ತೆಂಟು ವರ್ಷಗಳಲ್ಲಿ.

ವಯಸ್ಸಿನ ಲೆಕ್ಕ ಇನ್ನೂ ಕಠೋರ. 1985ರ ಮಾರ್ಚಿನಲ್ಲಿ ಆರ್ಕ್ಟಿಕ್ ಮಂಜುಗಡ್ಡೆಯ ಮೂರನೆಯ ಒಂದು ಪಾಲು ನಾಲ್ಕು ಬೇಸಿಗೆಗಳನ್ನು ತಾಳಿಕೊಂಡು ಉಳಿದಿದ್ದ ಹಳೆಯ ಗಡ್ಡೆ. 2019ರ ಮಾರ್ಚಿನಲ್ಲಿ ಅದು ನೂರಕ್ಕೆ ಒಂದರ ಆಸುಪಾಸು. ಹಿರಿಯರೆಲ್ಲ ಹೋಗಿ, ವರ್ಷ ತುಂಬದ ಕೂಸುಗಳೇ ಉಳಿದ ಮನೆಯ ಹಾಗಾಗಿದೆ ಆರ್ಕ್ಟಿಕ್. ಇಷ್ಟಾಗಿಯೂ ಚಳಿಗಾಲದಲ್ಲಿ ಅದರ ಹರವು ನಾಲ್ಕು ಭಾರತಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಈಗ ಆ ಹರವೂ ಕುಗ್ಗುತ್ತಿದೆ. 2025ರ ಮಾರ್ಚ್ 22ರಂದು ಅದು ತನ್ನ ಗರಿಷ್ಠ ಮಟ್ಟ ತಲುಪಿದಾಗ 1 ಕೋಟಿ 43 ಲಕ್ಷ ಚದರ ಕಿಲೋಮೀಟರ್ ಇತ್ತು. ಅಲ್ಲಿಯವರೆಗಿನ 47 ವರ್ಷಗಳಲ್ಲಿ ಅಷ್ಟು ಕಡಿಮೆ ಚಳಿಗಾಲದ ಗರಿಷ್ಠ ಯಾವತ್ತೂ ದಾಖಲಾಗಿರಲಿಲ್ಲ.

ಹರವನ್ನು ನೋಡುವುದು ಸುಲಭ. ನೀರು ಮತ್ತು ಮಂಜುಗಡ್ಡೆ ಎರಡೂ ತಾವಾಗಿ ಸೂಸುವ ಮೈಕ್ರೋವೇವ್ ಬೇರೆಬೇರೆ. ಕತ್ತಲಲ್ಲೂ ಮೋಡದಲ್ಲೂ ಉಪಗ್ರಹಕ್ಕೆ ಅದು ತಿಳಿಯುತ್ತದೆ. ದಪ್ಪ ಹಾಗಲ್ಲ. ತೇಲುವ ಗಡ್ಡೆಯ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ನೀರಿನ ಮೇಲೆ ಇರುತ್ತದೆ. ಯುರೋಪಿನ ಕ್ರಯೋಸ್ಯಾಟ್ ಉಪಗ್ರಹ ಏಳು ನೂರಕ್ಕೂ ಹೆಚ್ಚು ಕಿಲೋಮೀಟರ್ ಎತ್ತರದಿಂದ ರೇಡಾರ್ ಬಿಟ್ಟು, ನೀರಿಗಿಂತ ಗಡ್ಡೆ ಎಷ್ಟು ಸೆಂಟಿಮೀಟರ್ ಮೇಲಿದೆ ಎಂದು ಅಳೆಯುತ್ತದೆ. ಅದನ್ನು ಹತ್ತರಷ್ಟು ಮಾಡಿ ದಪ್ಪ ಹೇಳಬೇಕು. ಹಾಗಾಗಿ ಮೇಲೆ ಒಂದು ಸೆಂಟಿಮೀಟರ್ ತಪ್ಪಿದರೆ ಕೆಳಗೆ ಹತ್ತು ಸೆಂಟಿಮೀಟರ್ ತಪ್ಪುತ್ತದೆ. ಗಡ್ಡೆಯ ಮೇಲೆ ಹಿಮ ಬಿದ್ದಿದ್ದರೆ ಅದರ ಭಾರಕ್ಕೆ ಗಡ್ಡೆ ತಗ್ಗುತ್ತದೆ, ಲೆಕ್ಕ ಇನ್ನಷ್ಟು ಜಟಿಲವಾಗುತ್ತದೆ. ಬೇಸಿಗೆಯಲ್ಲಿ ಗಡ್ಡೆಯ ಮೇಲೆ ಕರಗಿದ ನೀರು ಹೊಂಡ ಹೊಂಡವಾಗಿ ನಿಂತು, ಅದು ಸಮುದ್ರವೋ ಹೊಂಡವೋ ರೇಡಾರಿಗೆ ಗೊತ್ತಾಗದು. ಅದಕ್ಕೇ ದಪ್ಪದ ನೆಚ್ಚಿನ ಅಳತೆ ಬಹುಕಾಲ ಅಕ್ಟೋಬರಿನಿಂದ ಏಪ್ರಿಲ್‌ವರೆಗಿನ ತಿಂಗಳುಗಳದ್ದೇ ಆಗಿತ್ತು. ಚಳಿಗಾಲ ತಪ್ಪಿದರೆ ವರ್ಷವೇ ತಪ್ಪಿದಂತೆ.

ಈ ಕ್ರಯೋಸ್ಯಾಟ್‌ನ ಕತೆ ಕೇಳಿ. ಮೊದಲನೆಯದು 2005ರ ಅಕ್ಟೋಬರಿನಲ್ಲಿ ಉಡಾವಣೆಯಲ್ಲೇ ಸಮುದ್ರಕ್ಕೆ ಬಿತ್ತು. ಕಟ್ಟಿದವರು ಕೈಚೆಲ್ಲಲಿಲ್ಲ, ಇನ್ನೊಂದು ಕಟ್ಟಿದರು. 2010ರ ಏಪ್ರಿಲಿನಲ್ಲಿ ಅದು ಹಾರಿತು. ಮೂರೂವರೆ ವರ್ಷ ದುಡಿದರೆ ಸಾಕೆಂದು ಕಳಿಸಿದ್ದು ಹದಿನೈದು ವರ್ಷ ದಾಟಿ ದುಡಿಯಿತು. ಎತ್ತು ಗಟ್ಟಿಮುಟ್ಟಾಗಿದೆ ಎಂದು ಇನ್ನೊಂದು ಸಾಕದೆ ಕೂತ ರೈತನಂತೆ ಜಗತ್ತು ಅದರ ಮೇಲೆ ಭಾರ ಹಾಕಿ ಕೂತಿದೆ. ಅದರ ಉತ್ತರಾಧಿಕಾರಿ ಹಾರುವ ಮೊದಲೇ ಇದು ಕಣ್ಣುಮುಚ್ಚಿದರೆ ನಡುವೆ ಬೀಳುವ ಕಂದಕವನ್ನು ಆಮೇಲೆ ಯಾವ ದುಡ್ಡಿನಿಂದಲೂ ತುಂಬಲಾಗದು. ಕಳೆದ ಚಳಿಗಾಲವನ್ನು ಹಿಂದಕ್ಕೆ ಹೋಗಿ ಅಳೆಯುವ ಯಂತ್ರ ಯಾರಲ್ಲೂ ಇಲ್ಲ.

ದಕ್ಷಿಣದ ಕಡೆ ನೋಡಿದರೆ ನಮ್ಮ ಅಜ್ಞಾನ ಇನ್ನೂ ದೊಡ್ಡದು. ಅಂಟಾರ್ಕ್ಟಿಕದ ಸುತ್ತ ಹಿಮ ಎಷ್ಟು ಬೀಳುತ್ತದೆಂದರೆ ಅದರ ಭಾರಕ್ಕೆ ಗಡ್ಡೆಯ ಮೈ ನೀರಿಗಿಂತ ಕೆಳಗೆ ಹೋಗಿ, ಸಮುದ್ರ ಮೇಲೆ ಹರಿದು, ಹಿಮವೇ ನೆನೆದು ಗಡ್ಡೆಯಾಗುತ್ತದೆ. ಆಗ ಮೇಲಿನ ಎತ್ತರ ನೋಡಿ ದಪ್ಪ ಹೇಳುವ ಉಪಾಯ ಕೈಕೊಡುತ್ತದೆ. ದಶಕಗಳ ಕಾಲ ಅಲ್ಲಿನ ಚಳಿಗಾಲದ ಹರವು ಅಲುಗಾಡದೆ ಇತ್ತು, 2014ರಲ್ಲಿ ಎರಡು ಕೋಟಿ ಚದರ ಕಿಲೋಮೀಟರನ್ನೂ ದಾಟಿತ್ತು. 2023ರ ಸೆಪ್ಟೆಂಬರಿನಲ್ಲಿ ಗರಿಷ್ಠ ಹರವು 1 ಕೋಟಿ 69 ಲಕ್ಷದ 60 ಸಾವಿರಕ್ಕೆ ನಿಂತುಬಿಟ್ಟಿತು. 1981ರಿಂದ 2010ರವರೆಗಿನ ಸರಾಸರಿಗಿಂತ ಹದಿನೇಳೂವರೆ ಲಕ್ಷ ಚದರ ಕಿಲೋಮೀಟರ್ ಕಡಿಮೆ. ಒಂಬತ್ತು ಕರ್ನಾಟಕಗಳಷ್ಟು ಮಂಜುಗಡ್ಡೆ ಆ ಚಳಿಗಾಲ ಕಟ್ಟಲೇ ಇಲ್ಲ. ಅದಕ್ಕೆ ಒಂದು ವರ್ಷ ಮುಂಚೆ, 2022ರ ಕೊನೆಯಲ್ಲಿ, ಬೆಲ್ಲಿಂಗ್ಸ್‌ಹೌಸನ್ ಸಮುದ್ರದಲ್ಲಿ ಕಾಲಕ್ಕೆ ಮುಂಚೆಯೇ ಗಡ್ಡೆ ಒಡೆಯಿತು. ಎಂಪರರ್ ಪೆಂಗ್ವಿನ್‌ಗಳು ಮೊಟ್ಟೆಯಿಟ್ಟು ಮರಿ ಸಾಕುವುದು ಆ ಗಡ್ಡೆಯ ಮೇಲೇ. ಮರಿಗಳಿಗೆ ನೀರು ತಡೆಯುವ ಗರಿ ಇನ್ನೂ ಬಂದಿರಲಿಲ್ಲ. ಉಪಗ್ರಹಗಳಿಂದ ಗಮನಿಸಿದ ಐದು ನೆಲೆಗಳಲ್ಲಿ ನಾಲ್ಕರಲ್ಲಿ ಒಂದು ಮರಿಯೂ ಉಳಿದಿರಲಾರದು ಎಂದು ವಿಜ್ಞಾನಿಗಳು ಬರೆದರು. ಈ ವಾಕ್ಯವನ್ನು ನಾನು ಎಷ್ಟು ಸಲ ಓದಿದರೂ ಒಗ್ಗಿಕೊಳ್ಳಲು ಆಗಿಲ್ಲ.

ಮಂಜುಗಡ್ಡೆಯ ದಪ್ಪ ವಿಜ್ಞಾನಿಗಳ ಕಾಗದದ ಮೇಲಿನ ಸಂಗತಿ ಎಂದುಕೊಳ್ಳಬೇಡಿ. ಕೆನಡಾದ ಈಶಾನ್ಯ ಕರಾವಳಿಯ ನೈನ್ ಎಂಬ ಪುಟ್ಟ ಊರಿನ ಇನ್ಯುಯಿಟ್ ಜನಕ್ಕೆ ಚಳಿಗಾಲದ ಸಮುದ್ರವೇ ಹೆದ್ದಾರಿ. ಬೇಟೆಗೆ, ಸೌದೆಗೆ, ನೆಂಟರ ಮನೆಗೆ ಅದರ ಮೇಲೇ ಹೋಗಬೇಕು. ಕಬ್ಬಿಣದ ಮೊನೆಯ ಕೋಲಿನಿಂದ ಕುಟ್ಟಿ, ಸದ್ದು ಕೇಳಿ, ಹೆಜ್ಜೆ ಇಡಬಹುದೋ ಇಲ್ಲವೋ ಹೇಳುವ ವಿದ್ಯೆ ಹಿರಿಯರಿಂದ ಬಂದದ್ದು. 2010ರ ಚಳಿಗಾಲ ಆ ವಿದ್ಯೆಯನ್ನೇ ಅಲುಗಾಡಿಸಿತು. ಗಟ್ಟಿಯಿರಬೇಕಾದ ಜಾಗ ತೆಳುವಾಗಿ, ನಂಬಿದ ದಾರಿಗಳಲ್ಲಿ ಜನ ನೀರಿಗೆ ಬಿದ್ದರು. ಅಲ್ಲಿಂದ ಹುಟ್ಟಿದ್ದು ಸ್ಮಾರ್ಟ್‌ಐಸ್ ಎಂಬ ಏರ್ಪಾಟು. ಊರಿನವರೇ ತಮ್ಮ ಜಾರುಬಂಡಿಗೆ ದಪ್ಪ ಅಳೆಯುವ ಉಪಕರಣ ಕಟ್ಟಿಕೊಂಡು, ಹಿಮದ ಮೋಟಾರು ಬಂಡಿಯ ಹಿಂದೆ ಎಳೆದುಕೊಂಡು ಹೋಗಿ, ಸಂಜೆಗೆ ಊರಿಗೆಲ್ಲ ದಾರಿಯ ನಕ್ಷೆ ಕೊಡುತ್ತಾರೆ. ಸಾವಿರ ಜನದ ಆಸುಪಾಸಿನ ಊರು ತನ್ನ ಮಕ್ಕಳ ಪ್ರಾಣಕ್ಕಾಗಿ ಅಳತೆಯನ್ನು ತಾನೇ ಕೈಗೆತ್ತಿಕೊಂಡಿತು. ನೂರನಲವತ್ತು ಕೋಟಿಯ ನಾವು?

ನಮಗೇನು ಸಂಬಂಧ ಎಂಬ ಪ್ರಶ್ನೆಗೆ ಉತ್ತರ ನಮ್ಮವರೇ ಹುಡುಕುತ್ತಿದ್ದಾರೆ. ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನ, ರಷ್ಯಾದ ಉತ್ತರಕ್ಕಿರುವ ಕಾರಾ ಸಮುದ್ರದಲ್ಲಿ ಬೇಸಿಗೆಯ ಮಂಜುಗಡ್ಡೆ ಕಡಿಮೆಯಾಗುವುದಕ್ಕೂ ನಮ್ಮ ಮುಂಗಾರಿನ ಕೊನೆಯ ಘಟ್ಟದ ವಿಪರೀತ ಮಳೆಗೂ ನಂಟಿರಬಹುದು ಎಂದಿತು. ಇರಬಹುದು, ಅಷ್ಟೇ. ಅದನ್ನು ಇದೆ ಎಂದೋ ಇಲ್ಲ ಎಂದೋ ಖಚಿತ ಮಾಡಲು ಬೇಕಾಗಿರುವುದು ಕಡಿಯದ ಅಳತೆ. ಹಾಗೆಯೇ ಇನ್ನೊಂದು ಸಂಬಂಧ, ಇದರಲ್ಲಿ ಊಹೆ ಕಡಿಮೆ. ವಿಜ್ಞಾನಿಗಳಾದ ಡಿರ್ಕ್ ನೋಟ್ಸ್ ಮತ್ತು ಜೂಲಿಯೆನ್ ಸ್ಟ್ರೋವ್ 2016ರಲ್ಲಿ ತೋರಿಸಿದರು: ಗಾಳಿಗೆ ಸೇರುವ ಪ್ರತಿಯೊಂದು ಟನ್ ಇಂಗಾಲದ ಡೈಆಕ್ಸೈಡಿಗೆ ಆರ್ಕ್ಟಿಕ್‌ನ ಸೆಪ್ಟೆಂಬರ್ ಮಂಜುಗಡ್ಡೆ ಸುಮಾರು ಮೂರು ಚದರ ಮೀಟರ್ ಕಡಿಮೆಯಾಗುತ್ತದೆ. ಒಬ್ಬ ಸರಾಸರಿ ಭಾರತೀಯನ ಪಾಲು ವರ್ಷಕ್ಕೆ ಸುಮಾರು ಎರಡು ಟನ್. ಅಂದರೆ ಆರು ಚದರ ಮೀಟರ್, ಒಂದು ಸಣ್ಣ ಅಡುಗೆಮನೆಯ ನೆಲ. ಅಮೆರಿಕ, ಯುರೋಪಿನವರ ಪಾಲು ಇದಕ್ಕಿಂತ ಬಹಳ ದೊಡ್ಡದು, ಹಳೆಯ ಋಣವಂತೂ ಹೇಳತೀರದು. ಅದನ್ನು ಅವರ ಮುಖಕ್ಕೆ ಹೇಳಲೇಬೇಕು. ಹೇಳುವ ಬಾಯಿಗೆ ಬಲ ಬರುವುದು ಮಾತ್ರ ಅಂಕಿ ನಮ್ಮ ಕೈಯಲ್ಲಿದ್ದಾಗ. ಸಾಲಗಾರನ ಮನೆಯ ಪುಸ್ತಕವನ್ನೇ ನಂಬಿ ಪಂಚಾಯಿತಿಗೆ ಹೋದವನು ಏನು ಕೇಳಿಯಾನು?

ನಮ್ಮಲ್ಲಿ ಶಕ್ತಿಯಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆರ್ಕ್ಟಿಕ್‌ನ ಸ್ವಾಲ್ಬಾರ್ಡ್ ದ್ವೀಪಸಮೂಹದ ನ್ಯೂ-ಓಲೆಸುಂಡ್‌ನಲ್ಲಿ 2008ರಿಂದ ನಮ್ಮ ಹಿಮಾದ್ರಿ ನೆಲೆಯಿದೆ. ಪಕ್ಕದ ಫ್ಯೋರ್ಡ್ ಎಂಬ ಕಡಲ ತೋಳಿನಲ್ಲಿ, 192 ಮೀಟರ್ ಆಳದ ನೀರಿನಲ್ಲಿ, 2014ರಲ್ಲಿ ನಮ್ಮವರು ಅಳತೆಯ ಉಪಕರಣಗಳ ಸರಣಿಯನ್ನೇ ಇಳಿಬಿಟ್ಟರು. ಹಿಂದೆ ಚಳಿಗಾಲದಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟುತ್ತಿದ್ದ ಆ ತೋಳು 2006ರ ಆಸುಪಾಸಿನಿಂದ ಹೆಚ್ಚಿನ ವರ್ಷ ಬಹುಪಾಲು ತೆರೆದೇ ಇರುತ್ತದೆ. 2025ರ ಫೆಬ್ರವರಿಯಲ್ಲಿ ಅಲ್ಲಿ ಮಳೆ ಸುರಿದು ನೆಲದ ಮೇಲೆ ನೀರು ನಿಂತಿತ್ತು. ಬಹುಕಾಲ ನಾವು ಬೇಸಿಗೆಗೆ ಹೋಗಿ ಚಳಿಗೆ ಹಿಂತಿರುಗುತ್ತಿದ್ದೆವು. 2023ರ ಡಿಸೆಂಬರಿನಲ್ಲಿ ಮೊದಲ ಸಲ ಚಳಿಗಾಲದ ತಂಡ ಹೊರಟಿತು. ಆ ಮೊದಲ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಕತ್ತಲಿಗೆ ಹೆದರದೆ ಹೋಗಿ ನಿಂತವರಿಗೆ ನನ್ನ ನಮಸ್ಕಾರ.

ಆಕಾಶದಲ್ಲೂ ನಮ್ಮ ಪಾಲಿದೆ. 2013ರಲ್ಲಿ ಶ್ರೀಹರಿಕೋಟಾದಿಂದ ಹಾರಿದ ಸರಳ್ ಉಪಗ್ರಹ ಫ್ರಾನ್ಸಿನ ರೇಡಾರ್ ಹೊತ್ತಿತ್ತು. ಅದರ ತರಂಗ ಹಿಮದ ಮೇಲ್ಮೈಯಿಂದಲೇ ಬಹುಪಾಲು ಮರಳುತ್ತದೆ, ಕ್ರಯೋಸ್ಯಾಟ್‌ನದು ಹಿಮದೊಳಗೆ ಇಳಿದು ಗಡ್ಡೆಯ ಹತ್ತಿರದಿಂದ ಮರಳುತ್ತದೆ. ಎರಡರ ವ್ಯತ್ಯಾಸ ತೆಗೆದರೆ ಹಿಮದ ದಪ್ಪ ಸಿಗುತ್ತದೆ ಎಂದು ಸಂಶೋಧಕರು ತೋರಿಸಿದರು. ಇಡೀ ಲೆಕ್ಕವನ್ನು ಕೆಡಿಸುತ್ತಿದ್ದ ಆ ಒಂದು ಅಂಕಿ ಒಲಿಯಲು ಭಾರತದ ಉಪಗ್ರಹ ಬೇಕಾಯಿತು. ಈಗ ಯುರೋಪು ಕಟ್ಟುತ್ತಿರುವ ಹೊಸ ಧ್ರುವ ಉಪಗ್ರಹದಲ್ಲಿ ಎರಡೂ ಬಗೆಯ ತರಂಗ ಒಟ್ಟಿಗೇ ಇರಲಿವೆ. 2025ರ ಜುಲೈ 30ರಂದು ಹಾರಿದ ಭಾರತ-ಅಮೆರಿಕ ಜಂಟಿ ಉಪಗ್ರಹ ನಿಸಾರ್‌ಗೆ ಅದರ ರೇಡಾರುಗಳನ್ನು ಜೋಡಿಸಿದ್ದು ಬೆಂಗಳೂರಿನಲ್ಲಿ. ಮಂಜುಗಡ್ಡೆ ಸರಿದಾಡುವುದನ್ನು, ಬಿರಿಯುವುದನ್ನು ಕತ್ತಲಲ್ಲೂ ಅದು ನೋಡಬಲ್ಲದು.

ಹಾಗಾದರೆ ಕೊರತೆ ಯಾವುದು? ಸರಳ್ ತನಗೆ ಗೊತ್ತುಪಡಿಸಿದ ಆಯುಸ್ಸನ್ನು ದಾಟಿ ದುಡಿದ ಉಪಗ್ರಹ. ಅದರ ಕೆಲಸವನ್ನು ಮುಂದುವರಿಸುವ, ಧ್ರುವಕ್ಕೆ ಇನ್ನೂ ಹತ್ತಿರ ಸಾಗುವ ಉಪಗ್ರಹವೊಂದು ನಮ್ಮದಾಗಿ, ಮುರಿಯದ ಸರಣಿಯಾಗಿ ಇರಬೇಕು. ಒಂದು ಸಲ ಹಾರಿಸಿ ಚಪ್ಪಾಳೆ ತಟ್ಟಿ ಮರೆಯುವ ಕೆಲಸವಲ್ಲ ಇದು. ದೇವರ ಮನೆಯ ದೀಪದ ಹಾಗೆ, ಒಂದು ಆರುವ ಮುಂಚೆ ಇನ್ನೊಂದಕ್ಕೆ ಎಣ್ಣೆ ಹೊಯ್ಯಬೇಕು. ಎರಡೂ ಧ್ರುವಗಳ ಚಳಿಗಾಲದ ಹರವು ಮತ್ತು ದಪ್ಪದ ಲೆಕ್ಕವನ್ನು ಭಾರತ ತನ್ನ ಹೆಸರಿನಲ್ಲಿ, ಪ್ರತಿದಿನ, ಜಗತ್ತಿನ ಯಾರು ಬೇಕಾದರೂ ಕೇಳದೆಯೇ ತೆಗೆದುಕೊಳ್ಳುವಂತೆ ಹೊರಗಿಡಬೇಕು. ಇನ್ನೊಬ್ಬರು ಬಾಗಿಲು ಹಾಕಿಕೊಂಡಾಗ ಎಷ್ಟು ನೋವಾಯಿತೋ ನೆನಪಿಟ್ಟುಕೊಂಡು, ನಮ್ಮ ಬಾಗಿಲು ಯಾವತ್ತೂ ಹಾಕುವುದಿಲ್ಲ ಎಂದು ಮಾತು ಕೊಡಬೇಕು.

ಈ ಮಾತನ್ನು ನೂರೈವತ್ತು ವರ್ಷ ಹಿಂದೆ ಒಬ್ಬ ನಾವಿಕ ಹೇಳಿದ್ದ. ಕಾರ್ಲ್ ವೈಪ್ರೆಕ್ಟ್ ಅವನ ಹೆಸರು. ಆಸ್ಟ್ರಿಯಾ-ಹಂಗೆರಿಯ ಟೆಗೆಟ್‌ಹಾಫ್ ಹಡಗಿನಲ್ಲಿ 1872ರಲ್ಲಿ ಹೊರಟು, ಮಂಜುಗಡ್ಡೆಯಲ್ಲಿ ಸಿಕ್ಕಿ, ಎರಡು ಚಳಿಗಾಲ ಕಳೆದು, ಹಡಗನ್ನೇ ಬಿಟ್ಟು ನಡೆದು ಬಂದವನು. ಹೊಸ ದ್ವೀಪಸಮೂಹ ಕಂಡುಹಿಡಿದ ಕೀರ್ತಿ ಕೈಯಲ್ಲಿತ್ತು. ಆದರೂ ಅವನು ಊರೂರಲ್ಲಿ ಹೇಳಿದ್ದು ಬೇರೆ: ಧ್ರುವ ಮುಟ್ಟುವ ಪಂದ್ಯ ಸಾಕು, ಎಲ್ಲ ದೇಶಗಳೂ ಒಂದೇ ಕಾಲಕ್ಕೆ, ಒಂದೇ ಬಗೆಯ ಉಪಕರಣದಿಂದ ಅಳೆದು, ಅಂಕಿಗಳನ್ನು ಹಂಚಿಕೊಳ್ಳಲಿ ಎಂದು. 1882ರಲ್ಲಿ ಮೊದಲ ಅಂತರರಾಷ್ಟ್ರೀಯ ಧ್ರುವ ವರ್ಷ ಆರಂಭವಾಗುವ ಹೊತ್ತಿಗೆ ಅವನು ತೀರಿಕೊಂಡಿದ್ದ. ಐದನೆಯದು 2032-33ಕ್ಕೆ ನಿಗದಿಯಾಗಿದೆ. ಅದಕ್ಕೆ ನಾವು ಅತಿಥಿಗಳಾಗಿ ಹೋಗಬಾರದು.

ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಯ ಮಟ್ಟವನ್ನು ನಾವು ದಿನವೂ ಪತ್ರಿಕೆಯಲ್ಲಿ ನೋಡುತ್ತೇವೆ. 124.80 ಅಡಿಗೆ ಇನ್ನೆಷ್ಟು ಬಾಕಿ ಎಂದು ಮಂಡ್ಯದ ಹೋಟೆಲಿನಲ್ಲಿ ಮಾತಾಡುತ್ತಾರೆ. ನಾಳೆ ಯಾರಾದರೂ ಬಂದು ಆ ಅಳತೆಪಟ್ಟಿಯನ್ನು ಕಿತ್ತುಹಾಕುತ್ತೇವೆ ಎಂದರೆ ಜಿಲ್ಲೆಗೆ ಜಿಲ್ಲೆಯೇ ಬೀದಿಗಿಳಿಯುತ್ತದೆ. ಧ್ರುವದ ಅಳತೆಪಟ್ಟಿಯ ಬಗ್ಗೆಯೂ ಅಷ್ಟೇ ಕಾಳಜಿ ಇರಲಿ ಎಂದು ನಿಮ್ಮನ್ನು ಕೇಳುತ್ತಿದ್ದೇನೆ. ಉಪಗ್ರಹ ಕಟ್ಟುವ ಊರಿನಲ್ಲಿರುವವರೇ, ನಿಮ್ಮ ಕೆಲಸದ ಮೇಜಿನ ಮೇಲೆ ಈ ಪ್ರಶ್ನೆ ಇಡಿ. ಭೌತವಿಜ್ಞಾನ ಓದುತ್ತಿರುವ ಮಕ್ಕಳೇ, ಸ್ಟೆಫಾನನ ಸೂತ್ರವನ್ನು ಪರೀಕ್ಷೆಗೆ ಮಾತ್ರ ಓದಬೇಡಿ, ಹಿಮಾದ್ರಿಯ ಮುಂದಿನ ಚಳಿಗಾಲಕ್ಕೆ ಅರ್ಜಿ ಹಾಕಿ. ಮತ ಕೇಳಲು ಬರುವ ಸಂಸದರನ್ನು ರಸ್ತೆ, ನೀರಿನ ಜೊತೆ ಇದನ್ನೂ ಕೇಳಿ. ನಗುತ್ತಾರೆ, ನಕ್ಕರೂ ಕೇಳಿ. ಮಾರ್ಚ್ ಬಂದಾಗ ಆರ್ಕ್ಟಿಕ್‌ನ ಗರಿಷ್ಠ ಹರವಿನ ಅಂಕಿ ಪ್ರಕಟವಾಗುತ್ತದೆ. ಅದನ್ನು ಹುಡುಕಿ ಓದಿ, ಮನೆಯ ಮಕ್ಕಳಿಗೆ ತೋರಿಸಿ. ಓದಿ ಮುಗಿಸುವ ಮುಂಚೆ ದಪ್ಪ ಎಷ್ಟಿತ್ತು, ಅಳೆದವರು ಯಾರು, ಅದರಲ್ಲಿ ನಮ್ಮವರು ಇದ್ದರೇ ಎಂದು ಕೇಳಿ.